ಝೆರಾಕ್ಸ್ ಅಂಗಡಿಗೆ ಆಧಾರ್ ಕಳಿಸುವ ಮುಂಚೆ

ಮೊನ್ನೆ ಝೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಯಾರ್ಯಾರದೋ ಆಧಾರ್ ಕಾರ್ಡುಗಳು ಸಾಲಾಗಿ ಕಾಣುತ್ತಿದ್ದವು. ಪ್ರಿಂಟಿಗೆಂದು ವಾಟ್ಸಾಪಿನಲ್ಲಿ ಬಂದವು, ಯಾರೂ ಅಳಿಸಿರಲಿಲ್ಲ. ಪಾಪ, ಅಂಗಡಿಯವರಿಗೆ ಪುರುಸೊತ್ತೆಲ್ಲಿ?

ಲಾಡ್ಜಿಗೋ ಬಾಡಿಗೆ ಮನೆಗೋ ಸುಮ್ನೆ ಪೂರ್ತಿ ನಂಬರ್ ಯಾಕೆ ಕೊಡಬೇಕು? ಮಾಸ್ಕ್ಡ್ ಆಧಾರ್, ಅಂದರೆ ನಂಬರಿನ ಹೆಚ್ಚಿನ ಅಂಕಿಗಳನ್ನು ಮರೆಮಾಡಿದ ಕಾರ್ಡು, ಕೊಟ್ಟು ನೋಡಿ. ಮೈಆಧಾರ್ ಜಾಲತಾಣದಲ್ಲಿ ಓಟಿಪಿ ಹಾಕಿ ಲಾಗಿನ್ ಆಗಿ. ಡೌನ್‌ಲೋಡ್ ಮಾಡುವಾಗ ‘ಮಾಸ್ಕ್ಡ್’ ಎಂಬಲ್ಲಿ ಟಿಕ್ ಮಾಡಿ. 12 ಅಂಕಿಗಳಲ್ಲಿ ಕೊನೆಯ 4 ಮಾತ್ರ ಕಾಣುತ್ತವೆ. ಇಳಿಸಿಕೊಂಡ ಫೈಲ್ ತೆರೆಯುವಾಗ ಪಾಸ್‌ವರ್ಡ್ ಕೇಳಿದರೆ ಗಾಬರಿ ಬೇಡ: ಹೆಸರಿನ ಮೊದಲ 4 ಇಂಗ್ಲಿಷ್ ದೊಡ್ಡಕ್ಷರ, ಪಕ್ಕದಲ್ಲೇ ಹುಟ್ಟಿದ ವರ್ಷ.

ಇನ್ನೊಂದು. ವಾಟ್ಸಾಪಿನಲ್ಲಿ ‘ಡಿಲೀಟ್ ಫಾರ್ ಎವ್ರಿಒನ್’ ಒತ್ತಿದರೂ ಅಂಗಡಿ ಕಂಪ್ಯೂಟರಿಗೆ ಇಳಿದ ಕಾಪಿ ಅಲ್ಲೇ ಉಳಿಯುತ್ತದೆ. ಅದನ್ನು ಬಾಯಿಬಿಟ್ಟು ಕೇಳಿ, ಎದುರಿಗೇ ಅಳಿಸಿಸಿ. ರಿಸೈಕಲ್ ಬಿನ್ನಿನಿಂದಲೂ.