ಬೇರೆ ಹೆಸರಲ್ಲಿ ನುಡಿಸುತ್ತೇನೆ, ಸುಳ್ಳು ಹೇಳುವುದಿಲ್ಲ

ನಾನು ಕೀಬೋರ್ಡ್ ನುಡಿಸುವವಳು. ವೇದಿಕೆಯಲ್ಲಿ, ಸ್ಟುಡಿಯೋದಲ್ಲಿ ನನ್ನ ಸ್ವಂತ ಹೆಸರೇ ಇರುತ್ತದೆ. ಆನ್‌ಲೈನ್‌ನಲ್ಲಿ ಮಾತ್ರ ಬೇರೆ ಹೆಸರು. ಅಲ್ಲಿ ಆಡಿಯೋ ಬಿಟ್ಟು ಏನೂ ಹಾಕುವುದಿಲ್ಲ. ಫೋಟೋ ಇರಬೇಕಾದ ಜಾಗದಲ್ಲಿ ಕೀಬೋರ್ಡಿನ ಚಿತ್ರ ಇದೆ.

ಹೀಗೆ ಮಾಡಿದ್ದಕ್ಕೆ ಕಾರಣ ಇದೆ. ಮುಖ ತೋರಿಸಿ ನುಡಿಸುತ್ತಿದ್ದಾಗ ಬರುತ್ತಿದ್ದ ಮಾತೆಲ್ಲ ಬಟ್ಟೆ, ಕೂದಲು, ನಗು ಇವುಗಳ ಬಗ್ಗೆಯೇ. "ಹುಡುಗಿಯಾಗಿ ಇಷ್ಟು ಚೆನ್ನಾಗಿ ನುಡಿಸ್ತೀರಲ್ಲ" ಅನ್ನುವ ಹೊಗಳಿಕೆ ಬೇರೆ. ಎಡಗೈಯಲ್ಲಿ ನಾನು ಏನು ಮಾಡುತ್ತಿದ್ದೇನೆ ಅಂತ ಯಾರೂ ಕೇಳುತ್ತಿರಲಿಲ್ಲ. ಹೆಸರು ಬದಲಾಯಿಸಿದ ಮೇಲೆ ಅದನ್ನೇ ಕೇಳತೊಡಗಿದರು.

ಇದು ಹೊಸದೇನಲ್ಲ. ವಯೋಲಾ (ಪಿಟೀಲಿಗಿಂತ ಸ್ವಲ್ಪ ದೊಡ್ಡ ವಾದ್ಯ) ವಾದಕಿ, ಸಂಯೋಜಕಿ ರೆಬೆಕ್ಕಾ ಕ್ಲಾರ್ಕ್ 1918ರಲ್ಲಿ ನ್ಯೂಯಾರ್ಕ್‌ನ ಒಂದು ಕಛೇರಿಯಲ್ಲಿ ತಮ್ಮದೇ ಒಂದು ಕೃತಿಯನ್ನು 'ಆಂಥೊನಿ ಟ್ರೆಂಟ್' ಎಂಬ ಹೆಸರಲ್ಲಿ ನುಡಿಸಿದರು. ವಿಮರ್ಶಕರು ಅವರ ಹೆಸರಿದ್ದ ಕೃತಿಗಳಿಗಿಂತ ಈ ಇಲ್ಲದ ಗಂಡಸಿನ ಕೃತಿಗೇ ಜಾಸ್ತಿ ಗಮನ ಕೊಟ್ಟರು. ಮರುವರ್ಷ ಹೆಸರು ಮುಚ್ಚಿಟ್ಟು ತೀರ್ಪು ಕೊಡುವ ಒಂದು ಸ್ಪರ್ಧೆಯಲ್ಲಿ ಅವರ ಸೊನಾಟಾ ಅರ್ನೆಸ್ಟ್ ಬ್ಲಾಕ್ ಅವರ ಕೃತಿಗೆ ಸರಿಸಮ ನಿಂತಿತು. ಆಗ 'ರೆಬೆಕ್ಕಾ ಕ್ಲಾರ್ಕ್' ಅನ್ನುವುದೇ ಯಾರೋ ಗಂಡಸಿನ ಕಾವ್ಯನಾಮ ಇರಬೇಕು ಅಂದವರೂ ಇದ್ದರು! ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಹೆಸರು ಆರಿಸುವಾಗ ಅದು ಬೇರೆ ಯಾವ ಕಲಾವಿದರದ್ದೂ ಅಲ್ಲ ಅಂತ ಹುಡುಕಿ ನೋಡಿಕೊಂಡೆ. ಪಿಟೀಲು ವಾದಕ ಫ್ರಿಟ್ಜ್ ಕ್ರೈಸ್ಲರ್ ತಾವು ಬರೆದ ತುಣುಕುಗಳನ್ನು ಪುನ್ಯಾನಿ ಮೊದಲಾದ ಹಳೆಯ ಸಂಯೋಜಕರದ್ದು ಅಂತ ಹೇಳಿ ವರ್ಷಗಟ್ಟಲೆ ನುಡಿಸಿದರು. 1935ರಲ್ಲಿ ತಾವೇ ಒಪ್ಪಿಕೊಂಡರು. ಕೇಳಿದವರಿಗೆ ನಷ್ಟವೇನು ಅಂತ ಕೆಲವರು ಅನ್ನಬಹುದು. ಆದರೆ ಬದುಕಿ ಹೋದ ಒಬ್ಬ ಮನುಷ್ಯನ ಲೆಕ್ಕಕ್ಕೆ ಅವನು ಮಾಡದ ಕೆಲಸ ಸೇರಿಸುವುದು ನನಗೆ ಒಪ್ಪಿಗೆಯಿಲ್ಲ.

ಮುಂದಿನದು ಪರಿಚಯ ಬರೆಯುವ ಜಾಗ. ಇಲ್ಲಿ ಎಷ್ಟೋ ಜನ ಜಾರುತ್ತಾರೆ. ಹೆಸರು ಬದಲಾದ ಮೇಲೆ ಕಥೆಯೂ ಬೇಕೆನಿಸುತ್ತದೆ. ಒಂದು ಊರು, ಒಬ್ಬ ಗುರು, ಒಂದು ಕಾಲೇಜು, ಒಂದೆರಡು ಪ್ರಶಸ್ತಿ ಸೇರಿಕೊಳ್ಳುತ್ತವೆ. ನಾನು ಅಲ್ಲಿ "ಕೀಬೋರ್ಡ್, ಪಿಯಾನೊ" ಅಂತ ಬರೆದು ಉಳಿದದ್ದನ್ನು ಖಾಲಿ ಬಿಟ್ಟೆ. ಖಾಲಿ ಜಾಗ ನೋಡಿದವರಿಗೆ ಇವರು ಏನೋ ಹೇಳುತ್ತಿಲ್ಲ ಅಂತ ಗೊತ್ತಾಗುತ್ತದೆ. ಸುಳ್ಳು ತುಂಬಿದರೆ ಅದೂ ಗೊತ್ತಾಗುವುದಿಲ್ಲ.

ಕಾಮೆಂಟ್‌ಗಳಲ್ಲಿ ಜನ ನನ್ನನ್ನು "ಸರ್" ಅನ್ನುತ್ತಾರೆ. ಅದನ್ನು ತಿದ್ದುವುದಿಲ್ಲ. ಆದರೆ ನೇರವಾಗಿ "ನೀವು ಗಂಡಸೋ ಹೆಂಗಸೋ" ಅಂತ ಕೇಳಿದರೆ "ಅದನ್ನು ಇಲ್ಲಿ ಹೇಳುವುದಿಲ್ಲ" ಅನ್ನುತ್ತೇನೆ. ಕೆಲವರಿಗೆ ಬೇಜಾರಾಗುತ್ತದೆ. ಆಗಲಿ. "ಗಂಡಸು" ಅಂತ ಒಂದು ಸಲವೂ ಹೇಳಿಲ್ಲ.

ಒಮ್ಮೆ ಮಾತ್ರ ಈ ಮೌನ ಸಾಲಲಿಲ್ಲ. ನಮ್ಮದೊಂದು ಸಂಗೀತಗಾರರ ಆನ್‌ಲೈನ್ ಗುಂಪಿದೆ. ಅಲ್ಲಿನ ಒಬ್ಬ ಗಾಯಕಿ ನನಗೆ ಖಾಸಗಿಯಾಗಿ ಉದ್ದನೆಯ ಮೆಸೇಜ್ ಕಳಿಸಿದರು. ತಮ್ಮ ಬ್ಯಾಂಡಿನ ಒಬ್ಬನಿಂದ ಆಗುತ್ತಿದ್ದ ಕಿರುಕುಳದ ವಿಷಯ. ಕೊನೆಯಲ್ಲಿ, "ಸರ್, ಗಂಡಸರಾಗಿ ನಿಮಗೆ ಏನನ್ನಿಸುತ್ತೆ? ನಾನೇ ತಪ್ಪು ತಿಳಿದುಕೊಂಡಿದ್ದೀನಾ?" ಅಂತ ಕೇಳಿದ್ದರು. ಆಕೆ ನನ್ನ ಉತ್ತರದ ಮೇಲೆ ಒಂದು ತೀರ್ಮಾನ ಮಾಡಲಿದ್ದರು. ಅದೂ ಒಬ್ಬ ಗಂಡಸಿನ ಮಾತು ಅಂದುಕೊಂಡು. ಸುಮ್ನೆ ಸಲಹೆ ಕೊಟ್ಟುಬಿಟ್ಟಿದ್ದರೆ ಅದು ಮೋಸವೇ. ಮೊದಲು ನಾನು ಹೆಂಗಸು ಅಂತ ಹೇಳಿದೆ, ನಿಜವಾದ ಹೆಸರೂ ಹೇಳಿದೆ. ಆಮೇಲೆ, ನೀವು ತಪ್ಪು ತಿಳಿದುಕೊಂಡಿಲ್ಲ ಅಂದೆ. ಆಕೆ ಒಂದು ದಿನ ಉತ್ತರ ಕೊಡಲಿಲ್ಲ. ನನಗೆ ಭಯವಾಗಿತ್ತು. ಆಮೇಲೆ ಫೋನ್ ಮಾಡಿದರು, ತುಂಬ ಹೊತ್ತು ಮಾತಾಡಿದೆವು. ಯಾರಾದರೂ ನನ್ನನ್ನು ನಂಬಿ ಒಂದು ಹೆಜ್ಜೆ ಇಡುವಾಗ, ಆ ನಂಬಿಕೆಗೆ ನಾನು ಯಾರು ಅನ್ನುವುದೇ ಆಧಾರವಾಗಿದ್ದರೆ, ಈಗಲೂ ಹೀಗೇ ಮೊದಲು ಹೇಳಿಬಿಡುತ್ತೇನೆ.

ಇನ್ನೊಂದು ಅಕೌಂಟ್‌ನಿಂದ ನನ್ನನ್ನೇ ಹೊಗಳುವುದು, ವೋಟ್ ಹಾಕುವುದು, ಜಗಳದಲ್ಲಿ ನನ್ನ ಪರ ನಿಲ್ಲುವುದು ಇವು ಯಾವುದನ್ನೂ ಮಾಡುವುದಿಲ್ಲ. ಗುಂಪಿನಲ್ಲಿ ನನಗಿರುವುದು ಒಂದೇ ಹೆಸರು.

ಧ್ವನಿಯ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟು. ಎಡಿಟ್ ಮಾಡುವುದು ತಪ್ಪಲ್ಲ. ಕೆನಡಾದ ಪಿಯಾನೊ ವಾದಕ ಗ್ಲೆನ್ ಗೂಲ್ಡ್ 1964ರ ನಂತರ ವೇದಿಕೆ ಬಿಟ್ಟು ಸ್ಟುಡಿಯೋದಲ್ಲೇ ಉಳಿದರು. ಬೇರೆ ಬೇರೆ ಟೇಕ್‌ಗಳನ್ನು, ಅಂದರೆ ಒಂದೊಂದು ಸಲ ನುಡಿಸಿದ ರೆಕಾರ್ಡಿಂಗ್‌ಗಳನ್ನು, ಕತ್ತರಿಸಿ ಜೋಡಿಸುವುದನ್ನು ಬಹಿರಂಗವಾಗಿ ಸಮರ್ಥಿಸಿಕೊಂಡರು. ನಾನೂ ಜೋಡಿಸುತ್ತೇನೆ. ಆದರೆ ಜೋಡಿಸಿದ್ದನ್ನು "ಒಂದೇ ಟೇಕ್" ಅಂತ ಹಾಕುವುದಿಲ್ಲ. ನಿಧಾನವಾಗಿ ನುಡಿಸಿ ಸಾಫ್ಟ್‌ವೇರ್‌ನಲ್ಲಿ ವೇಗ ಹೆಚ್ಚಿಸಿದ್ದರೆ ಅದನ್ನೂ ಬರೆಯುತ್ತೇನೆ. ಡ್ರಮ್ಸ್ ಯಂತ್ರದ್ದಾದರೆ, ಬೇಸ್ ಗೆಳೆಯನದ್ದಾದರೆ ಅದೂ ಇರುತ್ತದೆ. ಕಲಿಯುವ ಹುಡುಗರು ಇದನ್ನು ಕೇಳಿ ಆ ವೇಗಕ್ಕೆ ಬೆರಳು ಒಡೆದುಕೊಳ್ಳುತ್ತಾರೆ. ಅವರಿಗೆ ಇಷ್ಟಾದರೂ ತಿಳಿಸಬೇಕು, ಅಲ್ವಾ?

ನಮ್ಮ ಗುಂಪಿನಲ್ಲಿ ಒಂದು ಕಳ್ಳತನವೂ ಆಯಿತು. ಒಬ್ಬ ಹುಡುಗ ಸೊಗಸಾದ ಪಿಯಾನೊ ರೆಕಾರ್ಡಿಂಗ್ ಹಾಕಿ ತನ್ನದು ಅಂದ. ಒಬ್ಬರಿಗೆ ಎಲ್ಲೋ ಕೇಳಿದಂತೆ ಅನ್ನಿಸಿತು. ಅಡ್ಮಿನ್‌ಗಳಲ್ಲಿ ನಾನೂ ಒಬ್ಬಳು, ಪರೀಕ್ಷೆ ನನ್ನ ಪಾಲಿಗೆ ಬಂತು.

ನನಗೆ ಆಗ ನೆನಪಾದದ್ದು ಜಾಯ್ಸ್ ಹ್ಯಾಟೊ ಪ್ರಕರಣ. ಈ ಇಂಗ್ಲಿಷ್ ಪಿಯಾನೊ ವಾದಕಿಯ ಹೆಸರಲ್ಲಿ ನೂರಕ್ಕೂ ಹೆಚ್ಚು ಸಿ.ಡಿ.ಗಳು ಬಂದಿದ್ದವು, ಹೊಗಳಿಕೆಯೂ ಬಂದಿತ್ತು. ಅವರು ತೀರಿಕೊಂಡ ಮರುವರ್ಷ, 2007ರಲ್ಲಿ, ಒಬ್ಬರು ಅದರಲ್ಲೊಂದನ್ನು ಕಂಪ್ಯೂಟರ್‌ಗೆ ಹಾಕಿದಾಗ ಐಟ್ಯೂನ್ಸ್ ಎಂಬ ಸಂಗೀತದ ಸಾಫ್ಟ್‌ವೇರ್ ಅದು ಲಾಸ್ಲೊ ಸೈಮನ್ ಎಂಬ ಬೇರೊಬ್ಬ ಪಿಯಾನೊ ವಾದಕ ನುಡಿಸಿದ್ದು ಅಂತ ತೋರಿಸಿತು. ಐಟ್ಯೂನ್ಸ್ ಹೆಸರು ಹುಡುಕುತ್ತಿದ್ದ ಡೇಟಾಬೇಸ್ ಸಿ.ಡಿ.ಯನ್ನು ಗುರುತಿಸುತ್ತಿದ್ದದ್ದು ಟ್ರ್ಯಾಕ್‌ಗಳ ಉದ್ದದಿಂದ. ಹೆಸರು ಬದಲಾಯಿಸಿದವರು ಉದ್ದ ಬದಲಾಯಿಸಿರಲಿಲ್ಲ. ಇನ್ನು ಕೆಲವನ್ನು ವೇಗ ಬದಲಿಸಿ ಮರೆಮಾಡಲಾಗಿತ್ತು. ಸಿ.ಡಿ.ಗಳನ್ನು ಹೊರತಂದಿದ್ದ ಆಕೆಯ ಗಂಡ ಕೊನೆಗೆ ಒಪ್ಪಿಕೊಂಡರು. ವರ್ಷಗಟ್ಟಲೆ ದುಡಿದು ನುಡಿಸಿದ ಸೈಮನ್‌ಗೆ ಸಲ್ಲಬೇಕಾದ ಮೆಚ್ಚುಗೆ ಇನ್ನೊಬ್ಬರ ಪಾಲಾಗಿತ್ತು. ನನಗೆ ಇಡೀ ಪ್ರಕರಣದಲ್ಲಿ ನೋವಾಗುವುದು ಅದಕ್ಕೇ.

ಎರಡು ಫೈಲ್ ಒಂದೇ ಅಂತ ಅನುಮಾನ ಬಂದರೆ ಸುಲಭದ ಪರೀಕ್ಷೆ ಇದೆ. ಎರಡನ್ನೂ ಸಾಫ್ಟ್‌ವೇರ್‌ನಲ್ಲಿ ಸರಿಯಾಗಿ ಹೊಂದಿಸಿ, ಒಂದರ ಅಲೆಯನ್ನು ತಲೆಕೆಳಗು ಮಾಡಿ, ಒಟ್ಟಿಗೆ ಪ್ಲೇ ಮಾಡಿ. ಒಂದೇ ರೆಕಾರ್ಡಿಂಗ್ ಆದರೆ ಒಂದನ್ನೊಂದು ಅಳಿಸಿಕೊಂಡು ಹೆಚ್ಚುಕಡಿಮೆ ಮೌನ ಉಳಿಯುತ್ತದೆ. ಈ ಹುಡುಗ ವೇಗ ಸ್ವಲ್ಪ ಏರಿಸಿದ್ದರಿಂದ ಇದು ನೇರವಾಗಿ ನಡೆಯಲಿಲ್ಲ. ವೇಗ ಹಳೆಯ ಮಟ್ಟಕ್ಕೆ ತಂದು, ಪ್ರತಿ ಸ್ವರ ಶುರುವಾಗುವ ಜಾಗವನ್ನು ಅನುಮಾನವಿದ್ದ ಮೂಲ ರೆಕಾರ್ಡಿಂಗ್ ಜೊತೆ ಹೋಲಿಸಿದೆ. ಮೊದಲಿನಿಂದ ಕೊನೆತನಕ ಎಲ್ಲೂ ಆಚೀಚೆ ಆಗಲಿಲ್ಲ. ಮನುಷ್ಯರು ಎರಡು ಸಲ ನುಡಿಸಿದರೆ ಹಾಗೆ ಬರುವುದಿಲ್ಲ.

ಗುಂಪಿನಲ್ಲಿ ಹೇಳದೆ ಅವನಿಗೇ ಫೋನ್ ಮಾಡಿದೆ. ಪ್ರಾಜೆಕ್ಟ್ ಫೈಲ್, ಅಂದರೆ ರೆಕಾರ್ಡ್ ಮಾಡಿದಾಗ ಸಾಫ್ಟ್‌ವೇರ್‌ನಲ್ಲಿ ಉಳಿಯುವ ಮೂಲ ಫೈಲ್, ಕೇಳಿದೆ. ಡಿಲೀಟ್ ಆಗಿದೆ ಅಂದ. "ಸರಿ ಕಣೋ, ಮೊದಲ ಭಾಗ ಈಗ ನುಡಿಸು, ಕೇಳ್ತೀನಿ" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಕ್ಕ, ಅದು ನನ್ನದಲ್ಲ" ಅಂದ. ಪೋಸ್ಟ್ ತೆಗೆಸಿ, ನಿಜವಾಗಿ ನುಡಿಸಿದವರ ಹೆಸರು ಮತ್ತು ಅವರ ರೆಕಾರ್ಡಿಂಗ್ ಗುಂಪಿನಲ್ಲಿ ಹಾಕಿದೆವು. ಅವನ ಹೆಸರು ಹೇಳಿ ಬೈಯಬೇಕಿತ್ತು ಅಂತ ಕೆಲವರು ವಾದಿಸಿದರು. ನಾನು ಒಪ್ಪಲಿಲ್ಲ. ನುಡಿಸಿದವರಿಗೆ ಹೆಸರು ಸಿಗುವುದು ಮುಖ್ಯ, ಅದು ಸಿಕ್ಕಿತ್ತು.

ಹಣ ಬಂದಾಗ ನನ್ನ ಗುಟ್ಟು ಅಲ್ಲಿಗೆ ಮುಗಿಯುತ್ತದೆ. 1953ರಲ್ಲಿ ಟೊರಾಂಟೊದ ಮ್ಯಾಸಿ ಹಾಲ್ ಕಛೇರಿಯ ರೆಕಾರ್ಡ್ ಹೊರಬಂದಾಗ ಜಾಝ್ ಕಲಾವಿದ ಚಾರ್ಲಿ ಪಾರ್ಕರ್ ಹೆಸರು 'ಚಾರ್ಲಿ ಚಾನ್' ಅಂತ ಇತ್ತು, ಬೇರೆ ಕಂಪನಿಯ ಒಪ್ಪಂದ ಇದ್ದದ್ದರಿಂದ. ಅವರ ಸ್ಯಾಕ್ಸೊಫೋನ್ ನನಗೆ ಪ್ರಾಣ, ಆದರೂ ಒಪ್ಪಂದ ದಾಟಲು ಹೆಸರು ಬಳಸುವುದು ನನ್ನಿಂದಾಗದು. ಯಾರಾದರೂ ಸಂಭಾವನೆಗೆ ಕರೆದರೆ ಮೊದಲ ಮಾತಿನಲ್ಲೇ ಸ್ವಂತ ಹೆಸರು ಹೇಳುತ್ತೇನೆ, ಬೇರೆ ಒಪ್ಪಂದ ಇದ್ದರೆ ಅದನ್ನೂ ಹೇಳುತ್ತೇನೆ. ಕಾಗದಪತ್ರದಲ್ಲಿ, ರಾಯಲ್ಟಿ ನೋಂದಣಿಯಲ್ಲಿ ಸ್ವಂತ ಹೆಸರಿನ ಜೊತೆಗೆ ಈ ಹೆಸರನ್ನೂ ಕೊಡುತ್ತೇನೆ. ಹೊರಗೆ ಯಾವ ಹೆಸರು ಹಾಕಬೇಕು ಅನ್ನುವುದನ್ನು ಆಮೇಲೆ ಇಬ್ಬರೂ ಕೂತು ಮಾತಾಡಿಕೊಳ್ಳುತ್ತೇವೆ.