ಜಪಾನಿ ಗೆಳೆಯನ ಮದುವಿಗೆ ಹೊಂಟೀರೇನು?

ಕರೆಯೋಲೆ ಬಂದಕೂಡ್ಲೇ ಬರ್ತೀನೋ ಇಲ್ಲೋ ಅಂತ ಉತ್ತರ ಬರೀರಿ. ಅಲ್ಲೆ ಊಟದ ಟೇಬಲ್ ಮ್ಯಾಲೆ ಒಬ್ಬೊಬ್ಬರ ಹೆಸರಿನ ಚೀಟಿ ಇರ್ತದ. ನಮ್ಮ ಹುಬ್ಬಳ್ಳ್ಯಾಗಿನಂಗ ಕಾಕಾ, ಮಗ್ಗಲ ಮನಿಯವರು ಅಂತ ಗಾಡಿ ತುಂಬಿಸ್ಕೊಂಡು ಹೋಗಾಂಗಿಲ್ಲ.

ಸಸ್ಯಾಹಾರಿಗಳಿದ್ರ ಆ ಉತ್ತರದಾಗನ 'ಮೀನಿನ ಸಾರೂ ನಡ್ಯಾಂಗಿಲ್ಲ' ಅಂತ ಬಿಡಿಸಿ ಹೇಳ್ರಿ. ಬರೇ 'ವೆಜ್' ಅಂದ್ರ ಸಾಲೂದಿಲ್ಲ. ಕಾಯಿಪಲ್ಲೆ ಸೂಪಿನಾಗೂ ದಾಶಿ, ಅಂದ್ರ ಒಣಮೀನು ಹಾಕಿ ತೆಗೆದ ರಸ, ಇರಬಹುದು.

ಖರೇ ತಲಿಬ್ಯಾನಿ ಮುಯ್ಯಿದು. ಪಾತ್ರೆ-ಪಡಗ ಬ್ಯಾಡ, ರೊಕ್ಕ ಕೊಡ್ರಿ. ಗೆಳ್ಯಾರು ಸಾಮಾನ್ಯವಾಗಿ 30,000 ಯೆನ್ ಹಾಕ್ತಾರ, ಅಂದ್ರ ಹತ್ತು ಸಾವಿರದ ಗರಿಗರಿ ಹೊಸಾ ನೋಟು ಮೂರು. ಸಮಸಂಖ್ಯೆ ಆದ್ರ ಜೋಡಿ ಒಡೀತದ ಅಂತ ಅವರ ನಂಬಿಕಿ. ಹಂಗಂತ ನಮ್ಮ 101ರ ಲೆಕ್ಕದಾಗ ಒಂದು ಯೆನ್ ನಾಣ್ಯ ಕೂಡಿಸಬ್ಯಾಡ್ರಿ ಮತ್ತ!

ಲಕೋಟೆ ಅಲ್ಲೇ ಕನ್ವೀನಿಯೆನ್ಸ್ ಸ್ಟೋರಿನಾಗ ಸಿಗ್ತದ. ಮ್ಯಾಲಿನ ದಾರದ ಗಂಟು ನೋಡಿ ತಗೋರಿ. ಮದುವಿಗೆ ಬಿಗಿಗಂಟೇ ಆಗಬೇಕು, ಎಳದ್ರೂ ಬಿಚ್ಚಬಾರದು. ಎಳದ್ರ ಬಿಚ್ಚೋ ಗಂಟಿಂದು ಕೂಸು ಹುಟ್ಟಿದಾಗ ಕೊಡೂದು. ಲಕೋಟೆ ಮುಂಭಾಗದಾಗ ನಿಮ್ಮ ಹೆಸರು ಬರದು, ಬಾಗಿಲ ಹತ್ತಿರ ಸ್ವಾಗತಕ್ಕ ಕುಂತವರಿಗೆ ಎರಡೂ ಕೈಲೆ ಕೊಡ್ರಿ.

ಹೆಣ್ಮಕ್ಕಳಿಗೆ ಇಳಕಲ್ ಸೀರಿ ಭಾಳ ಛಂದ. ಬಿಳೇದೊಂದು ಬ್ಯಾಡ, ಅದು ಮದುಮಗಳ ಬಣ್ಣ. ಗಂಡಸರಿಗೆ ಕರೇ ಸೂಟ್ ಅಡ್ಡಿಯಿಲ್ಲ, ಕರೇ ಟೈ ಮಾತ್ರ ಮಣ್ಣಿಗೆ ಹೋಗೋವಾಗಿಂದು.

ವೀಸಾದ್ದು ಬೆಂಗಳೂರಿನ ಕೆಲಸ. ಲಗೂನ ಶುರು ಮಾಡ್ರಿ. ಹೋಟೆಲ್ ರೂಮಿಗಂತ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬ್ಯಾಗಿನಾಗಿರ್ಲಿ.