ಸಂತೆ ಹೋಟೆಲಿನಲ್ಲಿ ಪ್ರೊಬೇಷನ್ ಹಾಜರಿ: ನನ್ನ ಅನುಭವ

ಪ್ರೊಬೇಷನ್ ಹುಡುಗರನ್ನು, ಅಂದರೆ ಜೈಲಿಗೆ ಕಳಿಸದೆ ಮುಚ್ಚಳಿಕೆ ಬರೆಸಿಕೊಂಡು ಕೋರ್ಟು ಪರಿವೀಕ್ಷಣಾಧಿಕಾರಿಯಾದ ನನ್ನ ನಿಗಾದಲ್ಲಿ ಬಿಟ್ಟವರನ್ನು, ಆಫೀಸಿಗೆ ಕರೆಸುವುದು ಬಿಟ್ಟು ನಾನೇ ಸಂತೆಗೆ ಹೋಗುತ್ತೇನೆ ಅಂದಾಗ, "ಪರಿವೀಕ್ಷಣಾಧಿಕಾರಿಗೆ ಒಂದು ಗತ್ತು ಬೇಡ್ವಾ ಸಾರ್, ತಲೆ ಮೇಲೆ ಕೂರ್ತಾರೆ" ಅಂತ ನಕ್ಕವರೇ ಜಾಸ್ತಿ. ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದ್ರಿ ಅಂತ ಕೇಳುತ್ತಾರೆ.

ಮೊದಲ ಎರಡು ವರ್ಷ ನಾನೂ ಎಲ್ಲರ ಹಾಗೇ, ತಿಂಗಳಿಗೊಮ್ಮೆ ಬಂದು ಸಹಿ ಹಾಕಿ ಅನ್ನುತ್ತಿದ್ದೆ. ಇಪ್ಪತ್ತರಲ್ಲಿ ಏಳೆಂಟು ಜನ ಬಂದರೆ ಪುಣ್ಯ. ಯಾಕೋ ಅಂತ ಒಬ್ಬನನ್ನು ಕೇಳಿದರೆ ಲೆಕ್ಕ ಒಪ್ಪಿಸಿದ: ಬಂದರೆ ದಿನದ ಕೂಲಿ 500 ಹೋಯ್ತು, ಬಸ್ಸಿಗೆ ನೂರು. ಬರದಿದ್ದರೆ? ಮುಚ್ಚಳಿಕೆ ಮೀರಿದ್ದು ಮೊದಲ ಸಲವಾದರೆ ಹೆಚ್ಚೆಂದರೆ 50 ರೂಪಾಯಿ ದಂಡ, 1958ರ ಪ್ರೊಬೇಷನ್ ಕಾಯ್ದೆಯಲ್ಲಿ ಬರೆದದ್ದು. ಕೋರ್ಟು ಮನಸ್ಸು ಮಾಡಿದರೆ ಹಳೇ ಕೇಸಿಗೇ ಶಿಕ್ಷೆ ಕೊಡಬಹುದು, ಅದು ಬೇರೆ. ಆದರೂ ಹುಡುಗನ ಲೆಕ್ಕ ಸರಿಯಾಗೇ ಇತ್ತು, ಅಲ್ವಾ?

ನಡುವೆ ವಾಟ್ಸಾಪ್ ಪ್ರಯೋಗವನ್ನೂ ಮಾಡಿದೆ. ಕೆಲಸದ ಜಾಗದಿಂದ ವಾರಕ್ಕೊಂದು ಫೋಟೋ ಕಳಿಸಿ ಅಂದೆ. ಒಬ್ಬನ ಫೋಟೋದಲ್ಲಿ ಹಿಂದೆ ಕಟ್ಟಿದ್ದ ಕರು ಮೂರು ತಿಂಗಳಾದರೂ ಬೆಳೆಯಲೇ ಇಲ್ಲ. ಎಲ್ಲಾ ಒಂದೇ ದಿನ ತೆಗೆದಿದ್ದು!

ಆಮೇಲೆ ಸಂತೆ. ಸಂಜೆ ಐದಕ್ಕೆ ಹೋಟೆಲಿನ ಹಿಂದಿನ ಬೆಂಚು, ಫೈಲ್ ಚೀಲದಲ್ಲೇ. ಮೊದಲು ತಾಯಿ ಹೇಗಿದ್ದಾರೆ, ಆಮೇಲೆ ಕೆಲಸ, ಕೊನೆಗೆ ಸಹಿ. ಪೆಟ್ರೋಲು ಟೀ ಸೇರಿ ತಿಂಗಳಿಗೆ ಸಾವಿರದಿನ್ನೂರು ಕೈಯಿಂದಲೇ ಹೋಗುತ್ತಿತ್ತು, ಅದರಲ್ಲಿ ಅರ್ಧ ಇಲಾಖೆಯಿಂದ ಎಂಟು ತಿಂಗಳ ಮೇಲೆ ಬಂತು.

ಚನ್ನಗಿರಿ ಕಡೆಯ ಒಬ್ಬ ಹುಡುಗ, ಹತ್ತೊಂಬತ್ತು ವರ್ಷ, ಹಸಿ ಅಡಿಕೆ ಮೂಟೆ ಕದ್ದ ಕೇಸು. ಇಪ್ಪತ್ತೊಂದರ ಒಳಗಿನವನು, ಹಾಗಾಗಿ ಶಿಕ್ಷೆಗೆ ಮುಂಚೆ ನನ್ನ ವರದಿ ಬೇಕಿತ್ತು. ಬಿಡುಗಡೆಯಾದ ಮೇಲೆ ಅವನನ್ನು ಸೇರಿಸಿದ್ದು ಅಡಿಕೆ ಸುಲಿಯುವ ಕೆಲಸಕ್ಕೇ. "ಕಳ್ಳನ ಕೈಗೇ ಬೀಗದ ಕೀಲಿ ಕೊಡ್ತೀರಲ್ಲ ಸಾಹೇಬ್ರೇ" ಅಂದರು ಮಾಲೀಕರು. ಅವರನ್ನು ಹೇಗೆ ಒಪ್ಪಿಸಿದೆ ಅನ್ನೋದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ, ಇನ್ನೂ ನಾಲ್ಕು ಕಡೆ ಬಳಸಬೇಕಿದೆ. ಕೋರ್ಟು ಹೇಳಿದ್ದ ಪರಿಹಾರ, ಎಂಟೋ ಒಂಬತ್ತೋ ಸಾವಿರ, ಒಂದೇ ಸುಗ್ಗಿಯಲ್ಲಿ ತೀರಿಸಿದ. ಕೈಯೆಲ್ಲ ಅಡಿಕೆ ಚೊಗರಿಗೆ ಕಪ್ಪಾಗಿತ್ತು, ರಿಜಿಸ್ಟರಿನಲ್ಲಿ ಅವನ ಸಹಿಯ ಪಕ್ಕ ಆ ಕಲೆ ಇನ್ನೂ ಇದೆ.

ಈಗ ಇಪ್ಪತ್ತರಲ್ಲಿ ಹದಿನಾರು ಹದಿನೇಳು ಜನ ತಪ್ಪದೆ ಸಿಗುತ್ತಾರೆ. ತಪ್ಪಿಸಿಕೊಂಡವರಲ್ಲಿ ಒಬ್ಬ ಬೆಂಗಳೂರಿನಲ್ಲಿ ಡೆಲಿವರಿ ಮಾಡುತ್ತಾನಂತೆ. ಬರುವ ವಾರ ಹೋಗಿ ಹುಡುಕಬೇಕು, ಬಸ್ ಚಾರ್ಜಿನ ಬಿಲ್ ಪಾಸಾಗೋದು ಡೌಟು.